ಮಳೆಗಾಲದ ರಿಪೋರ್ಟು, ಬೇಸಿಗೆಯ ಬಾವಿ

ಬಾವಿ ನೀರಿಗೆ ಪೆಟ್ರೋಲ್ ವಾಸನೆ ಬಂದಿದೆ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಹೇಳುವುದು ಎರಡೇ ಮಾತು. ಪಂಪಿನ ಸ್ವಿಚ್ ಮುಟ್ಟಬೇಡಿ. ಯಾರನ್ನೂ ಬಾವಿಗೆ ಇಳಿಸಬೇಡಿ. ಪರೀಕ್ಷೆ, ದೂರು, ಫೋಟೋ ಎಲ್ಲ ಆಮೇಲೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಬಾವಿಯೊಳಗೆ ಅದು ಕೆಳಗೇ ಕೂತಿರುತ್ತದೆ. ಗಾಳಿಯಲ್ಲಿ ಶೇ. 1.4ರಷ್ಟು ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಕರಾವಳಿಯ ಒಂದು ಊರಿಗೆ ಈ ಕೆಲಸಕ್ಕೆ ಹೋದಾಗ ಬಾವಿಕಟ್ಟೆಯ ಮೇಲೆ ಹಗ್ಗ ಸುತ್ತಿಟ್ಟಿತ್ತು. ಕೆಸರು ತೆಗೆಯುವವರೊಬ್ಬರು ಇಳಿಯಲು ತಯಾರಾಗಿ ನಿಂತಿದ್ದರು. ತಳ ತೊಳೆದರೆ ವಾಸನೆ ಹೋಗುತ್ತದೆ ಅಂತ ಯಾರೋ ಹೇಳಿದ್ದರಂತೆ. ಗ್ಯಾಸ್ ಮೀಟರನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟೆವು. ನೀರು ಮುಟ್ಟುವ ಮೊದಲೇ ಅಲಾರಾಂ ಹೊಡೆಯಿತು. ಆ ಶಬ್ದ ಕೇಳಿದ ಮೇಲೆ ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಹಗ್ಗ ಸುತ್ತಿಕೊಂಡು ಜಗಲಿಯಲ್ಲಿ ಬಂದು ಕೂತರು.

ನಾನು ಅಂತರ್ಜಲದ ಕೆಲಸ ಮಾಡುವವನು. ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕಿನಿಂದ ಸೋರಿಕೆ ಆಗಿರಬಹುದು, ನೋಡಿ ಅಂತ ನಮ್ಮ ತಂಡವನ್ನು ಕರೆದಿದ್ದರು. ಯಾವ ಊರು, ಯಾವ ಬಂಕು ಅನ್ನುವುದು ಇಲ್ಲಿ ಬೇಡ. ಅಲ್ಲಿ ಕಂಡದ್ದನ್ನು ಬರೆಯುತ್ತೇನೆ. ಯಾಕೆಂದರೆ ಬಂಕಿನ ಪಕ್ಕ ಬಾವಿ ಇರುವ ಮನೆಗಳು ನಮ್ಮಲ್ಲಿ ತುಂಬಾ ಇವೆ.

ಆ ಮನೆಯ ಅಮ್ಮ ಹೇಳಿದ ಮಾತೊಂದು ಕೊನೆಯವರೆಗೂ ನಮಗೆ ದಾರಿ ತೋರಿಸಿತು. "ಹೋದ ವರ್ಷ ಬಿಸು ಕಳೆದ ಮೇಲೆ ವಾಸನೆ ಶುರುವಾದದ್ದು. ಮಳೆ ಬಂದದ್ದೇ ಹೋಯ್ತು. ನಾವೂ ಸುಮ್ನೆ ಆದೆವು. ಈಗ ಶಿವರಾತ್ರಿ ಆಗುವಾಗ ಪುನಃ ಉಂಟು ಮಾರಾಯ್ರೆ." ಬಿಸು ಅಂದರೆ ಏಪ್ರಿಲ್ ನಡುವಿನಲ್ಲಿ ಬರುವ ಕರಾವಳಿಯ ಹೊಸ ವರ್ಷದ ಹಬ್ಬ. ನಡುವೆ ಒಮ್ಮೆ ನೀರು ಪರೀಕ್ಷೆ ಮಾಡಿಸಿದ್ದರು. ಕಾಗದ ತಂದು ತೋರಿಸಿದರು. ಪಿ.ಎಚ್., ಗಡಸುತನ, ಕಬ್ಬಿಣ, ನೈಟ್ರೇಟ್, ಕೋಲಿಫಾರ್ಮ್. ಕೊನೆಗೆ 'ಕುಡಿಯಲು ಯೋಗ್ಯ' ಅಂತ ಮುದ್ರೆ. ಆ ಪಟ್ಟಿಯಲ್ಲಿ ಪೆಟ್ರೋಲಿನ ಒಂದು ಅಂಶವೂ ಇರಲಿಲ್ಲ. ಪೆಟ್ರೋಲಿನಲ್ಲಿರುವ ವಿಷದ ಅಂಶ ಬೆಂಜೀನ್, ಮಾಮೂಲಿ ಕುಡಿಯುವ ನೀರಿನ ಪರೀಕ್ಷೆಯಲ್ಲಿ ಅದನ್ನು ಹುಡುಕುವುದಿಲ್ಲ. ಕೇಳಿ ಮಾಡಿಸಬೇಕು. ಅದೂ ಮಳೆಗಾಲದಲ್ಲಿ ತೆಗೆದ ನೀರು. ಇದು ಮುಖ್ಯ, ಮುಂದೆ ಹೇಳುತ್ತೇನೆ.

ಆ ಸುತ್ತಿನ ಎಲ್ಲ ಬಾವಿಗಳ ಮನೆಗೂ ಹೋದೆವು. ವಾಸನೆ ಯಾವಾಗ ಬಂತು, ಬೆಳಿಗ್ಗೆ ಜಾಸ್ತಿಯೋ ಸಂಜೆಯೋ, ಬಾವಿ ಎಷ್ಟು ಆಳ, ಮೇ ತಿಂಗಳಲ್ಲಿ ನೀರು ಎಲ್ಲಿಗೆ ಇಳಿಯುತ್ತದೆ, ತೋಟಕ್ಕೆ ಎಷ್ಟು ಹೊತ್ತು ಪಂಪ್ ಹಾಕುತ್ತೀರಿ. ರಿಗ್ ತಂದು ತೂತು ಕೊರೆಯುವುದಕ್ಕಿಂತ ಈ ಮಾತುಕತೆಯಿಂದ ಸಿಗುವ ಮಾಹಿತಿ ಕೆಲವು ಸಲ ಜಾಸ್ತಿ. ತಗ್ಗಿನ ಗದ್ದೆಯ ಬದಿಯ ಮನೆಯವರು ಗಾಬರಿಯಾಗಿದ್ದರು. ತೋಡಿನ ನೀರಿನ ಮೇಲೆ ಎಣ್ಣೆಯಂತೆ ಕಾಮನಬಿಲ್ಲಿನ ಬಣ್ಣ ತೇಲುತ್ತಿತ್ತು. ಒಂದು ಕಡ್ಡಿ ತೆಗೆದುಕೊಂಡು ಪದರವನ್ನು ಕದಡಿದೆ. ಅದು ಚೂರು ಚೂರಾಗಿ ಒಡೆಯಿತು, ಮತ್ತೆ ಕೂಡಲಿಲ್ಲ. ಎಣ್ಣೆಯಾಗಿದ್ದರೆ ಕಡ್ಡಿ ತೆಗೆದ ಕೂಡಲೇ ಹರಡಿ ಒಂದಾಗುತ್ತಿತ್ತು. ಇದು ಕಬ್ಬಿಣದ ಅಂಶವಿರುವ ನೀರಿನಲ್ಲಿ ಬ್ಯಾಕ್ಟೀರಿಯಾ ಕಟ್ಟುವ ಪೊರೆ. ಕೆಂಪು ಕಲ್ಲಿನ ನೆಲದಲ್ಲಿ ಇದು ಸಹಜ. ಆದರೂ ಅವರ ಬಾವಿಯ ನೀರನ್ನೂ ಪಟ್ಟಿಗೆ ಸೇರಿಸಿದೆವು. ಕಡ್ಡಿಯ ಪರೀಕ್ಷೆ ತೋಡಿನ ಮೇಲಿನ ಪದರಕ್ಕೆ ಸರಿ, ಬಾವಿಗೆ ಸಾಲದು.

ನಂತರ ಬಂಕು. ಅಲ್ಲಿ ನೋಡಬೇಕಾದ ಮೊದಲ ಜಾಗ ಸ್ಟಾಕ್ ರಿಜಿಸ್ಟರ್. ಪ್ರತಿ ದಿನ ಬೆಳಿಗ್ಗೆ ಡಿಪ್ ಕೋಲು ಇಳಿಸಿ ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಬರೆಯುತ್ತಾರೆ. ಬಂದದ್ದು, ಮಾರಿದ್ದು, ಉಳಿದದ್ದು ತಾಳೆ ನೋಡುತ್ತಾರೆ. ದೊಡ್ಡ ಸೋರಿಕೆ ಇದರಲ್ಲಿ ಕೂಡಲೇ ಕಾಣುತ್ತದೆ. ಸಣ್ಣದು ಅಡಗಿಕೊಳ್ಳುತ್ತದೆ. 20,000 ಲೀಟರಿನ ಟ್ಯಾಂಕಿನ ನಡುಭಾಗದಲ್ಲಿ ಕೋಲಿನ ಒಂದು ಮಿಲಿಮೀಟರ್ ಅಂದರೆ ಹತ್ತು ಲೀಟರಿಗೂ ಮೇಲೆ. 10,000 ಲೀಟರ್ ಪೆಟ್ರೋಲಿನ ಉಷ್ಣತೆ ಒಂದು ಡಿಗ್ರಿ ಬದಲಾದರೆ ಅಳತೆಯಲ್ಲಿ ಸುಮಾರು 12 ಲೀಟರ್ ಹೆಚ್ಚುಕಮ್ಮಿ. ಬಿಸಿಲಿನಲ್ಲಿ ಬಂದ ಟ್ಯಾಂಕರಿನ ಪೆಟ್ರೋಲು ನೆಲದಡಿಯಲ್ಲಿ ತಣ್ಣಗಾಗಿ ಕುಗ್ಗುತ್ತದೆ. ಒಂದಿಷ್ಟು ಆವಿಯಾಗಿಯೂ ಹೋಗುತ್ತದೆ. ಹೀಗಿರುವಾಗ ದಿನಕ್ಕೆ ಐದು ಲೀಟರ್ ಸೋರಿದರೆ ಯಾರಿಗೆ ಗೊತ್ತಾಗಬೇಕು? ವರ್ಷಕ್ಕೆ ಲೆಕ್ಕ ಹಾಕಿದರೆ ಅದು 1,800 ಲೀಟರ್ ದಾಟುತ್ತದೆ.

ಹಾಗಾಗಿ ದಿನದ ಲೆಕ್ಕ ಬಿಟ್ಟು ತಿಂಗಳುಗಳನ್ನು ಸಾಲಾಗಿ ಬರೆದೆವು. ಒಂದೊಂದು ದಿನ ಕಡಿಮೆ, ಇನ್ನೊಂದು ದಿನ ಹೆಚ್ಚು ಬರುವುದು ಸರಿ. ಸೋರಿಕೆ ಇಲ್ಲದಿದ್ದರೆ ಅವು ಬಹುಪಾಲು ಒಂದಕ್ಕೊಂದು ಹೊಂದಬೇಕು. ಇಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಕೊರತೆ ಒಂದೇ ಕಡೆ ವಾಲುತ್ತಿತ್ತು. ಮಳೆಗಾಲದಲ್ಲಿ ಕೊರತೆ ನಿಂತು, 'ಟ್ಯಾಂಕಿನಲ್ಲಿ ನೀರು' ಅನ್ನುವ ಕಾಲಂ ತುಂಬಿತ್ತು. ಮ್ಯಾನೇಜರ್ ಹೇಳಿದರು, "ಮಳೆ ನೀರು ಮ್ಯಾನ್‌ಹೋಲಿನಿಂದ ಇಳಿಯುತ್ತದೆ ಸಾರ್, ಎಲ್ಲಾ ಕಡೆ ಇದ್ದದ್ದೇ." ಇಳಿಯಲೂಬಹುದು. ಆದರೆ ಈ ಊರಿನಲ್ಲಿ ಆಷಾಢ ಬಂದರೆ ಅಂತರ್ಜಲ ಟ್ಯಾಂಕಿನ ತಳಕ್ಕಿಂತ ಎಷ್ಟೋ ಮೇಲೆ ಏರುತ್ತದೆ. ಟ್ಯಾಂಕಿನ ತಳದಲ್ಲಿ ತೂತಿದ್ದರೆ ಆಗ ಹೊರಗಿನ ನೀರಿನ ಒತ್ತಡವೇ ಜಾಸ್ತಿ, ನೀರು ಒಳಗೆ ಬರುತ್ತದೆ. ಬೇಸಿಗೆಯಲ್ಲಿ ನೀರು ಕೆಳಗೆ ಹೋದ ಮೇಲೆ ಪೆಟ್ರೋಲ್ ಹೊರಗೆ ಹೋಗುತ್ತದೆ. ಅಮ್ಮ ಹೇಳಿದ ಬಿಸು, ಶಿವರಾತ್ರಿಯ ಲೆಕ್ಕ ಈ ರಿಜಿಸ್ಟರಿನಲ್ಲೂ ಇತ್ತು.

ಬಂಕಿನ ಹುಡುಗರಿಗೆ ಇನ್ನೊಂದು ವಿಷಯ ಹೇಳಬೇಕಾಯಿತು. ಕೋಲಿನ ತುದಿಗೆ ಪೇಸ್ಟ್ ಹಚ್ಚಿ ಇಳಿಸಿದರೆ, ತಳದಲ್ಲಿ ನೀರಿರುವಷ್ಟು ಭಾಗ ಬಣ್ಣ ಬದಲಾಗುತ್ತದೆ. ಈಗ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ. ನೀರು ಸೇರಿದರೆ ಎಥೆನಾಲ್ ಅದರ ಜೊತೆ ಸೇರಿ ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಹಳೆಯ ಪೇಸ್ಟಿಗೆ ಈ ಪದರ ಸರಿಯಾಗಿ ಸಿಗುವುದಿಲ್ಲ. ಎಥೆನಾಲಿಗೆ ಅಂತಲೇ ಬೇರೆ ಪೇಸ್ಟ್ ಬರುತ್ತದೆ, ಅದನ್ನೇ ಬಳಸಬೇಕು.

ಎಥೆನಾಲಿನಿಂದ ನೆಲದಡಿಯಲ್ಲೂ ಒಂದು ತೊಂದರೆ ಇದೆ. ಮಣ್ಣಿನ ಬ್ಯಾಕ್ಟೀರಿಯಾಗಳು ಮೊದಲು ಎಥೆನಾಲನ್ನೇ ತಿನ್ನುತ್ತವೆ, ಇದ್ದ ಆಮ್ಲಜನಕ ಅದಕ್ಕೇ ಖರ್ಚಾಗುತ್ತದೆ. ಬೆಂಜೀನ್ ಹಾಗೇ ಉಳಿದು ಇನ್ನಷ್ಟು ದೂರ ಹೋಗುತ್ತದೆ.

ಟ್ಯಾಂಕ್ ಖಾಲಿ ಮಾಡಿಸಿ, ಆವಿ ತೆಗೆದು, ಒತ್ತಡದ ಪರೀಕ್ಷೆ ಮಾಡಿಸುವುದಕ್ಕೆ ಕಾಗದ ಪತ್ರ ಓಡಾಡಿದ್ದು ಬಹಳ. ಅದನ್ನು ಬಿಡುತ್ತೇನೆ. ಪೈಪುಗಳು ಪಾಸಾದವು. ಸಾಮಾನ್ಯವಾಗಿ ಪೈಪಿನ ಜೋಡಣೆಗಳೇ ಮೊದಲು ಕೈಕೊಡುತ್ತವೆ, ಇಲ್ಲಿ ಹಾಗಿರಲಿಲ್ಲ. ತೂತು ಟ್ಯಾಂಕಿನ ತಳದಲ್ಲೇ ಇತ್ತು, ಡಿಪ್ ಪೈಪಿನ ನೇರ ಕೆಳಗೆ. ಪ್ರತಿ ದಿನ ಕೋಲು ಇಳಿಸುವಾಗ ಅದರ ತುದಿ ಅದೇ ಜಾಗಕ್ಕೆ ಬಡಿಯುತ್ತದೆ. ವರ್ಷಗಟ್ಟಲೆ ಬಡಿದು ಅಲ್ಲಿನ ಉಕ್ಕು ಸವೆಯುತ್ತದೆ. ಸವೆದ ಜಾಗದಲ್ಲಿ ತಳದ ನೀರು ನಿಂತು ತುಕ್ಕು ಹಿಡಿಯುತ್ತದೆ. ಇದಕ್ಕೆಂದೇ ಆ ಜಾಗದಲ್ಲಿ ದಪ್ಪ ತಗಡು ಕೂರಿಸುವ ಪದ್ಧತಿ ಇದೆ. ಈ ಹಳೆಯ ಟ್ಯಾಂಕಿನಲ್ಲಿ ಇರಲಿಲ್ಲ. ತೂತು ಎಷ್ಟು ದೊಡ್ಡದು ಅಂತೀರಿ? ಕಡಲೆಬೇಳೆ ಇಟ್ಟರೆ ಮುಚ್ಚಿಹೋಗುವಷ್ಟು.

ಈಗ ಮಣ್ಣು. ಸೋರಿದ್ದು ಎಲ್ಲಿಗೆ ಹೋಯಿತು ಅಂತ ನೋಡಬೇಕು. ಕರಾವಳಿಯಲ್ಲಿ ಮೇಲೆ ಮುರಕಲ್ಲು, ಅಂದರೆ ಕೆಂಪು ಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಮುರಕಲ್ಲು ದೋಸೆಯ ಮೈಯಂತೆ ತೂತು ತೂತು. ನೀರಾಗಲಿ ಪೆಟ್ರೋಲಾಗಲಿ ಸಲೀಸಾಗಿ ಇಳಿಯುತ್ತದೆ. ಶೇಡಿ ನುಣುಪು ಜೇಡಿ, ಬೇಗ ಬಿಟ್ಟುಕೊಡುವುದಿಲ್ಲ. ಹಾಗಾಗಿ ಇಳಿದದ್ದು ಶೇಡಿಯ ಮೇಲೆ ಅಡ್ಡಕ್ಕೆ ಹರಿಯಲು ನೋಡುತ್ತದೆ. ನಮ್ಮ ಬಾವಿಗಳ ನೀರು ಬಹುಪಾಲು ನಿಲ್ಲುವುದೂ ಇದೇ ಜಾಗದಲ್ಲಿ.

ರಿಗ್ಗಿನಿಂದ ಕೊರೆದು ತೆಗೆದ ತುಂಡುಗಳನ್ನು ಆಳದ ಪ್ರಕಾರ ಮರದ ಪೆಟ್ಟಿಗೆಯಲ್ಲಿ ಜೋಡಿಸಿದೆವು. ಮೇಲಿನವು ಇಟ್ಟಿಗೆ ಕೆಂಪು. ಕೆಳಗೆ ಹೋದಂತೆ ಒಂದು ಆಳದಲ್ಲಿ ಆ ಕೆಂಪು ಮಾಯ. ಬೂದಿ, ಹಸಿರು ಮಿಶ್ರಿತ ಕಪ್ಪು. ಪೆಟ್ರೋಲನ್ನು ತಿನ್ನುವ ಬ್ಯಾಕ್ಟೀರಿಯಾಗಳು ಆಮ್ಲಜನಕ ಮುಗಿದ ಮೇಲೆ ಕಲ್ಲಿನ ಕಬ್ಬಿಣವನ್ನೇ ಹಿಡಿಯುತ್ತವೆ, ತುಕ್ಕಿನ ಬಣ್ಣ ಇಳಿದುಹೋಗುತ್ತದೆ. ಒಂದು ತುಂಡನ್ನು ಒಡೆದಾಗ ತೂತುಗಳ ಒಳಗೋಡೆ ತೇವವಾಗಿ ಹೊಳೆಯುತ್ತಿತ್ತು. ವಾಸನೆ ನೋಡಲು ಮೂಗಿನ ಹತ್ತಿರ ತರಬೇಕಾಗಿರಲಿಲ್ಲ. ತರಲೂಬಾರದು. ಅದಕ್ಕೆ ಮೀಟರ್ ಇದೆ. ಮಣ್ಣನ್ನು ಜಿಪ್ ಚೀಲಕ್ಕೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಚೀಲದೊಳಗಿನ ಗಾಳಿಯನ್ನು ಪಿ.ಐ.ಡಿ. ಅನ್ನುವ, ಆವಿ ಎಷ್ಟಿದೆ ಅಂತ ತೋರಿಸುವ ಮೀಟರಿನಿಂದ ಅಳೆಯುತ್ತೇವೆ. ಯಾವ ಆಳದ ಮಣ್ಣನ್ನು ಲ್ಯಾಬಿಗೆ ಕಳಿಸಬೇಕು ಅಂತ ಇದರಿಂದ ನಿರ್ಧಾರ ಮಾಡುತ್ತೇವೆ.

ಗಮನಿಸಬೇಕಾದ್ದು ಏನೆಂದರೆ ಆ ಬೂದಿ ಬಣ್ಣದ ಪಟ್ಟಿ ತೆಳುವಾಗಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿಯುವ ಮಟ್ಟದಿಂದ ಮಳೆಗಾಲದಲ್ಲಿ ಏರುವ ಮಟ್ಟದವರೆಗೂ ಹಬ್ಬಿತ್ತು. ಪೆಟ್ರೋಲ್ ನೀರಿಗಿಂತ ಹಗುರ, ತೇಲುತ್ತದೆ. ನೀರು ಇಳಿದರೆ ಜೊತೆಗೆ ಇಳಿಯುತ್ತದೆ, ಏರಿದರೆ ಏರುತ್ತದೆ. ಪ್ರತಿ ಸಲವೂ ಒಂದಿಷ್ಟನ್ನು ಕಲ್ಲಿನ ತೂತುಗಳಿಗೆ ಸವರಿ ಹೋಗುತ್ತದೆ.

ನೆಲದಡಿಯ ನೀರು ಹರಿಯುವ ದಿಕ್ಕು ತಿಳಿಯಲು ಕನಿಷ್ಠ ಮೂರು ಕೊಳವೆ ಬೇಕು. ಸಣ್ಣ ಪಿ.ವಿ.ಸಿ. ಕೊಳವೆ, ಕೆಳಭಾಗದಲ್ಲಿ ಸೀಳುಗಳು, ಸುತ್ತ ಜಲ್ಲಿ, ಮೇಲೆ ಬೆಂಟೊನೈಟ್ ಜೇಡಿಯ ಬಿರಡೆ. ಪ್ರತಿ ಕೊಳವೆಯ ಬಾಯಿಯ ಎತ್ತರವನ್ನು ಆಟೋ ಲೆವೆಲ್ ಇಟ್ಟು ಅಳೆದು, ಅದರಿಂದ ನೀರಿನ ಆಳ ಕಳೆದರೆ ನೀರಿನ ಮಟ್ಟ ಸಿಗುತ್ತದೆ. ಮೂರು ಮಟ್ಟ ಸಿಕ್ಕರೆ ಇಳಿಜಾರು ಯಾವ ಕಡೆ ಅಂತ ಕಾಗದದ ಮೇಲೆ ಗೆರೆ ಎಳೆಯಬಹುದು. ನಾವು ಮೂರಕ್ಕಿಂತ ಹೆಚ್ಚು ಹಾಕಿದೆವು. ನೆಲದ ಇಳಿಜಾರು ರಸ್ತೆಯ ಕಡೆಗಿತ್ತು. ನೀರಿನ ಇಳಿಜಾರು ಗದ್ದೆಯ ಕಡೆಗೆ. ತೋಟಕ್ಕೆ ಪಂಪ್ ಹಾಕುವ ತಿಂಗಳುಗಳಲ್ಲಿ ಅದು ಇನ್ನಷ್ಟು ತಿರುಗಿ ಅಮ್ಮನ ಬಾವಿಯ ಕಡೆಗೇ ಎಳೆಯುತ್ತಿತ್ತು. ರಸ್ತೆಯ ಆಚೆಯ ಬಾವಿ ಬಂಕಿಗೆ ಇನ್ನೂ ಹತ್ತಿರ. ಅದಕ್ಕೆ ಏನೂ ಆಗಿರಲಿಲ್ಲ. 2020ರ ಜನವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೊಸ ಬಂಕು ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಇರಬೇಕು ಅಂತಿದೆ. ಒಳ್ಳೆಯದೇ. ಆದರೆ ಬಾವಿಯ ವಿಷಯಕ್ಕೆ ಬಂದರೆ ಮೀಟರ್ ಲೆಕ್ಕದಷ್ಟೇ ನೀರಿನ ದಿಕ್ಕೂ ಮುಖ್ಯ.

ನೀರಿನ ಸ್ಯಾಂಪಲ್ ತೆಗೆಯುವುದು ನೋಡಲು ಸುಲಭ, ಕೆಡಿಸುವುದು ಇನ್ನೂ ಸುಲಭ. ಕೊಳವೆಯಲ್ಲಿ ನಿಂತಿರುವ ಹಳೇ ನೀರನ್ನು ಮೊದಲು ಹೊರಗೆ ತೆಗೆಯಬೇಕು. ಬಾಟಲಿ 40 ಮಿಲಿಲೀಟರಿನ ಪುಟ್ಟ ಗಾಜಿನದು. ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಲಿ ಅಂತ ಅದರಲ್ಲಿ ಮೊದಲೇ ಕೆಲವು ಹನಿ ಆ್ಯಸಿಡ್ ಇರುತ್ತದೆ. ಗೋಡೆಗುಂಟ ಮೆಲ್ಲಗೆ ನೀರು ಬಿಡಬೇಕು. ಬಾಯಿಯ ಮೇಲೆ ನೀರು ಉಬ್ಬಿ ನಿಲ್ಲುವವರೆಗೆ ತುಂಬಿ ಮುಚ್ಚಳ ಹಾಕಬೇಕು. ಆಮೇಲೆ ತಲೆಕೆಳಗೆ ಹಿಡಿದು ಬೆರಳಿನಿಂದ ತಟ್ಟಿ ನೋಡಬೇಕು. ಒಂದು ಗಾಳಿಗುಳ್ಳೆ ಕಂಡರೂ ಆ ಬಾಟಲಿ ಬೇಡ, ಬೆಂಜೀನ್ ಆ ಗುಳ್ಳೆಗೆ ಹಾರಿಬಿಡುತ್ತದೆ. ನಂತರ ಐಸ್ ಪೆಟ್ಟಿಗೆ. ಮಿನರಲ್ ವಾಟರ್ ಬಾಟಲಿಯಲ್ಲಿ ತುಂಬಿ ಬೈಕಿನಲ್ಲಿ ಸಿಕ್ಕಿಸಿಕೊಂಡು ಹೋದ ನೀರಿನಲ್ಲಿ ಬೆಂಜೀನ್ ಸಿಗಲಿಲ್ಲ ಅಂದರೆ ಅದಕ್ಕೆ ಅರ್ಥವಿಲ್ಲ.

ಪಕ್ಕದ ಗ್ಯಾರೇಜಿನ ಹಳೇ ಆಯಿಲ್ ಇರಬಹುದು ಅಂತ ಪೆಟ್ರೋಲ್ ಕಂಪನಿಯ ಅಧಿಕಾರಿಯೊಬ್ಬರು ಹೇಳುತ್ತಲೇ ಇದ್ದರು. ನ್ಯಾಯವಾದ ಪ್ರಶ್ನೆ, ಅದನ್ನೂ ನೋಡಿದೆವು. ಇಂಜಿನ್ ಆಯಿಲಿನಲ್ಲಿ ಭಾರದ ಅಂಶಗಳೇ ಹೆಚ್ಚು. ಈ ನೀರಿನಲ್ಲಿ ಸಿಕ್ಕಿದ್ದು ಬೆಂಜೀನ್, ಟಾಲುಯೀನ್, ಈಥೈಲ್ ಬೆಂಜೀನ್, ಜೈಲೀನ್. ಇದು ಪೆಟ್ರೋಲಿನದೇ ಗುರುತು.

ಬೆಂಜೀನ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ಸಂಶಯ ಉಳಿದಿಲ್ಲ, ಮುಖ್ಯವಾಗಿ ರಕ್ತದ ಕ್ಯಾನ್ಸರ್. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟ. ನಮ್ಮಲ್ಲಿ ಈಗ ಮಾರುವ ಬಿ.ಎಸ್.-6 ಮಾನದಂಡದ ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ರವರೆಗೆ ಇರಬಹುದು. ಹಾಗೆ ಶೇ. 1 ಇದೆ ಅಂತಲೇ ಇಟ್ಟುಕೊಳ್ಳಿ, ಒಂದು ಲೀಟರ್ ಪೆಟ್ರೋಲಿನ ಬೆಂಜೀನ್ ಪೂರ್ತಿ ನೀರಿಗೆ ಸೇರಿದರೆ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರು ಈ ಮಟ್ಟಕ್ಕೆ ಮುಟ್ಟುತ್ತದೆ. ಬೆಂಜೀನ್ ಒಂದೇ ಇದ್ದರೆ ಅದರ ವಾಸನೆ ಮೂಗಿಗೆ ತಾಗುವುದು ಲೀಟರಿಗೆ 10 ಮಿಲಿಗ್ರಾಂ ಆಸುಪಾಸಿನಲ್ಲಿ, ಅಂದರೆ ಆ ಮಟ್ಟದ ಸಾವಿರ ಪಟ್ಟು. ವಾಸನೆ ಇಲ್ಲ, ಕುಡಿಯಬಹುದು ಅನ್ನುವ ಧೈರ್ಯ ಸಲ್ಲದು.

ಅಮ್ಮನಿಗೆ ಇದನ್ನು ಹೇಳುವುದು ಕಷ್ಟವಾಯಿತು. ಅವರು ಕೇಳಿದರು, "ಕುದಿಸಿ ಕುಡಿದರೆ ಆಗ್ತದಾ?" ಆಗುವುದಿಲ್ಲ ಅಮ್ಮ ಅಂದೆ. ಕುದಿಸಿದರೆ ಬೆಂಜೀನ್ ಅಡುಗೆಮನೆಯ ಗಾಳಿಗೆ ಸೇರುತ್ತದೆ, ಅದನ್ನೇ ಉಸಿರಾಡಬೇಕಾಗುತ್ತದೆ. ಬಿಸಿನೀರಿನ ಸ್ನಾನಕ್ಕೂ ಆ ನೀರು ಬೇಡ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೊಮ್ಮಗು ಬಂದಿತ್ತು ಬೇಸಿಗೆ ರಜೆಗೆ" ಅಂದರು. ಆ ಮಾತಿಗೆ ಕೊಡುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಪಂಚಾಯತಿಯವರು ಪಿ.ಡಿ.ಒ. ಮೂಲಕ ಟ್ಯಾಂಕರ್ ನೀರು ಶುರು ಮಾಡಿಸಿದರು, ಮುಂದೆ ನಲ್ಲಿ ಎಳೆದರು.

ನಿಜವಾದ ಜಗ್ಗಾಟ ಶುರುವಾದದ್ದು ಮಳೆ ಹಿಡಿದ ಮೇಲೆ. ಟ್ಯಾಂಕ್ ಬದಲಾಗಿತ್ತು. ಆಗಸ್ಟಿನಲ್ಲಿ ಎಲ್ಲ ಕೊಳವೆ, ಬಾವಿಗಳ ನೀರು ಮತ್ತೆ ತೆಗೆದೆವು. ಮೊದಲು ಪೆಟ್ರೋಲಿನ ಪದರ ಇದ್ದ ಕೊಳವೆಯಲ್ಲಿ ಪದರವೇ ಇರಲಿಲ್ಲ. ಅಮ್ಮನ ಬಾವಿಯಲ್ಲಿ ಬೆಂಜೀನ್ ಪತ್ತೆಯಾಗುವ ಮಟ್ಟಕ್ಕಿಂತ ಕೆಳಗೆ. ಸರಿಹೋಯಿತಲ್ಲ, ಫೈಲ್ ಮುಚ್ಚೋಣ ಅಂತ ಕಂಪನಿಯ ಕಡೆಯಿಂದ ಒತ್ತಡ ಬಂತು. ಊರಿನಲ್ಲೂ ಕೆಲವರಿಗೆ ಖುಷಿ. ಬೇಡ ಅಂದವರು ನಾವು ಮತ್ತು ಅಮ್ಮ.

ಯಾಕೆ ಬೇಡ ಅಂದರೆ, ಪೆಟ್ರೋಲ್ ಎಲ್ಲಿಗೂ ಹೋಗಿರಲಿಲ್ಲ. ನೀರಿನ ಮಟ್ಟ ಏರಿ, ಕಲ್ಲಿನ ತೂತುಗಳಲ್ಲಿ ಸವರಿಕೊಂಡಿದ್ದ ಪೆಟ್ರೋಲನ್ನು ತನ್ನೊಳಗೆ ಮುಳುಗಿಸಿಬಿಟ್ಟಿತ್ತು. ಮುಳುಗಿದ್ದು ಹನಿ ಹನಿಯಾಗಿ ಸಿಕ್ಕಿಬಿದ್ದಿರುತ್ತದೆ, ಕೊಳವೆಗೆ ಹರಿದು ಬರುವುದಿಲ್ಲ. ಮೇಲಿಂದ ಹೊಸ ಮಳೆನೀರು ಬಂದು ಕರಗಿದ್ದನ್ನೂ ತೆಳು ಮಾಡುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನೆಲ ಇದು. ಆಗಸ್ಟಿನ ನೀರು ಇಲ್ಲಿ ಶುದ್ಧವಾಗಿ ಕಾಣದಿದ್ದರೇ ಆಶ್ಚರ್ಯ. ನೀರಿನ ಮಟ್ಟದ ಗೆರೆ, ರಿಜಿಸ್ಟರಿನ ತಿಂಗಳ ಲೆಕ್ಕ, ಮಣ್ಣಿನ ಪೆಟ್ಟಿಗೆಯ ಫೋಟೋ ಮೂರನ್ನೂ ಒಂದೇ ಹಾಳೆಯಲ್ಲಿ ಹಾಕಿ ಸಭೆಯಲ್ಲಿ ತೋರಿಸಿದೆ. ಅಮ್ಮ ಹೇಳಿದ ಬಿಸು, ಶಿವರಾತ್ರಿಯನ್ನೂ ಅದರಲ್ಲಿ ಗುರುತು ಹಾಕಿದ್ದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಕಡೆಯಿಂದ ಬಂದಿದ್ದ ಇಂಜಿನಿಯರ್ ಆ ಹಾಳೆಯನ್ನು ತುಂಬಾ ಹೊತ್ತು ನೋಡಿದರು. ಬೇಸಿಗೆಯ ಸ್ಯಾಂಪಲ್ ಆಗದೆ ಮುಚ್ಚುವ ಮಾತಿಲ್ಲ ಅಂತ ನಡಾವಳಿಯಲ್ಲಿ ಬರೆಸಿದರು.

ಏಪ್ರಿಲಿನಲ್ಲಿ ಹೋದೆವು. ಪಾರದರ್ಶಕ ಕೊಳವೆಯಂಥ ಬೈಲರನ್ನು ದಾರ ಕಟ್ಟಿ ಮೆಲ್ಲಗೆ ಇಳಿಸಿ ಎತ್ತಿದಾಗ ನೀರಿನ ಮೇಲೆ ಬೇರೆಯೇ ಹೊಳಪಿನ ಪದರ, ಉಗುರಿನ ದಪ್ಪ. ಅಮ್ಮನ ಬಾವಿಯಲ್ಲೂ ಬೆಂಜೀನ್ ಮಿತಿ ದಾಟಿತ್ತು. ಟ್ಯಾಂಕ್ ಹೊಸದು, ಸೋರಿಕೆ ನಿಂತಿದೆ. ಇದು ಹಳೆಯದೇ, ನೀರು ಇಳಿದ ಮೇಲೆ ಬಿಡುಗಡೆಯಾದದ್ದು.

ಈಗ ಅಲ್ಲಿ ಬೇಸಿಗೆಯಲ್ಲಿ ಪದರವನ್ನು ತೆಗೆಯುತ್ತಾರೆ. ನೀರು ಇಳಿದು ಬರಿದಾದ ಕಲ್ಲಿನಿಂದ ಆವಿಯನ್ನು ಬ್ಲೋವರಿನಿಂದ ಎಳೆದು ಇಂಗಾಲದ ಫಿಲ್ಟರಿನಲ್ಲಿ ಹಾಯಿಸುತ್ತಾರೆ. ಕೆಲಸಕ್ಕೆ ಬರುವ ತಿಂಗಳುಗಳು ಕೆಲವೇ. ಮಳೆ ಬಂದರೆ ಯಂತ್ರ ನಿಲ್ಲಿಸಬೇಕು. ಹಾಗಾಗಿ ಇದು ವರ್ಷಗಳ ಕೆಲಸ. ನಮ್ಮ ದೇಶದಲ್ಲಿ ಕಲುಷಿತ ಜಾಗಗಳಿಗೆ ಅಂತಲೇ ಪ್ರತ್ಯೇಕ ನಿಯಮ ಬಂದದ್ದು 2025ರ ಜುಲೈನಲ್ಲಿ. ಅನುಮಾನ ಇರುವ ಜಾಗಗಳನ್ನು ಪಟ್ಟಿ ಮಾಡಿ ತಿಳಿಸಬೇಕು, ರಾಜ್ಯ ಮಂಡಳಿ ಪರಿಶೀಲಿಸಬೇಕು ಅನ್ನುತ್ತದೆ ಆ ನಿಯಮ. ನಿಮ್ಮ ಮನೆಯ ಹತ್ತಿರ ಹೀಗೇನಾದರೂ ಇದ್ದರೆ ಅರ್ಜಿ ಲಿಖಿತವಾಗಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ವಾಸನೆ ಬಂದ ದಿನಗಳನ್ನು ಕ್ಯಾಲೆಂಡರಿನಲ್ಲೇ ಬರೆದಿಡಿ. ನೀರು ತೆಗೆದ ತಾರೀಕು, ಆ ದಿನ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿತ್ತು ಅನ್ನುವುದು ರಿಪೋರ್ಟಿನಲ್ಲಿ ಇರಲೇಬೇಕು ಅಂತ ಹಟ ಹಿಡಿಯಿರಿ. ಮಳೆಗಾಲದ ಒಂದು ರಿಪೋರ್ಟ್ ಇಟ್ಟುಕೊಂಡು ಯಾರಾದರೂ ಎಲ್ಲ ಸರಿಯಾಗಿದೆ ಅಂದರೆ, ಸಹಿ ಹಾಕುವ ಮೊದಲು ಏಪ್ರಿಲ್, ಮೇ ತಿಂಗಳ ರಿಪೋರ್ಟ್ ಕೇಳಿ.